ಒಲ್ಲೆ ಎಂದವರಿಗೆ ಬಡಿಸಿದ್ದು

ನಮ್ಮ ಆಸ್ಪತ್ರೆಯ ಆಹಾರ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯರಿಬ್ಬರು ಬೆಟಗೇರಿಯ ನಮ್ಮ ಮನೆಗೆ ಬಂದಿದ್ದರು. ‘ಮೇಡಂ, ನಿಮ್ಮ ಅನುಭವ ಒಂದೀಟು ಬರದ ಕೊಡ್ರಿ, ನಮಗ ಉಪಯೋಗ ಆಗ್ತೈತಿ’ ಎಂದರು. ನಿವೃತ್ತಿಯ ದಿನ ಹೊದಿಸಿದ ಶಾಲನ್ನು ನಾನಿನ್ನೂ ಕವರಿನಿಂದ ಹೊರಗೆ ತೆಗೆದಿಲ್ಲ, ಅಷ್ಟರಲ್ಲಿ ಅನುಭವಸ್ಥಳಾಗಿಬಿಟ್ಟೆ. ಬರೆಯುತ್ತೇನೆ ಎಂದೆ. ಬರೆಯಲು ಕೂತರೆ ಮೊದಲು ಬಂದದ್ದು ನಾಚಿಕೆ. ಸಮಾರಂಭದಲ್ಲಿ ಹೊಗಳಿದವರಿಗೆ ಬೇಸರವಾದರೂ ಚಿಂತೆಯಿಲ್ಲ, ಅದನ್ನೇ ಬರೆಯುತ್ತೇನೆ.

ಕೆಲಸ ಏನೆಂದು ಮೊದಲು ಹೇಳಬೇಕು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಚೀಲವನ್ನು ಚಿಕ್ಕದು ಮಾಡಿ, ಉಂಡದ್ದು ಸೀದಾ ಕರುಳಿಗೆ ಇಳಿಯುವ ಹಾಗೆ ದಾರಿ ತಿರುಗಿಸುತ್ತಾರೆ. ಅದಾದ ಮೇಲೆ ಕೆಲವರಿಗೆ ಬಾಯಿಯೇ ಬದಲಾಗುತ್ತದೆ. ಮಿರ್ಚಿ ಭಜಿಗಾಗಿ ಪ್ರಾಣ ಬಿಡುತ್ತಿದ್ದವರು ಕರಿದ ಎಣ್ಣೆಯ ವಾಸನೆಗೆ ಮೂಗು ಮುಚ್ಚುತ್ತಾರೆ. ಕೆಲವರಿಗೆ ಸಿಹಿ ಅತಿ ಸಿಹಿಯಾಗುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ. ಹುಬ್ಬಳ್ಳಿಯಿಂದ ವಾರಕ್ಕೆರಡು ದಿನ ಬರುತ್ತಿದ್ದ ನಮ್ಮ ದೊಡ್ಡ ಡಾಕ್ಟರಿಗೆ ಈ ಬದಲಾವಣೆಯನ್ನು ಅಳೆಯುವ ಹುಚ್ಚು ಹತ್ತಿತ್ತು. ಆಪರೇಷನ್ನಿಗೆ ಮುಂಚೆ ಯಾರಿಗೆ ಏನು ಇಷ್ಟ, ಆದಮೇಲೆ ಏನು ಇಷ್ಟ, ಇದನ್ನು ತಿಳಿಯುವ ಕೆಲಸ ನನ್ನ ಪಾಲಿಗೆ ಬಂತು. ತೂಕ ನೋಡಲು ಯಂತ್ರವಿದೆ, ಬಾಯಿರುಚಿ ನೋಡಲು ಕೇಳುವುದು ಬಿಟ್ಟರೆ ಬೇರೆ ದಾರಿಯಿಲ್ಲ. ನಾನು ಕೇಳುವುದರಲ್ಲಿ ಗಟ್ಟಿಗಿತ್ತಿ ಎಂದು ನನಗೆ ನಾನೇ ತಿಳಿದುಕೊಂಡಿದ್ದೆ.

ಮೊದಮೊದಲು ಚಿತ್ರದ ಕಾರ್ಡುಗಳಿದ್ದವು. ಎಲ್ಲಿಂದಲೋ ತರಿಸಿದ್ದು. ಅದರಲ್ಲಿ ಪಿಜ್ಜಾ, ಕೇಕು, ಹುರಿದ ಹಂದಿಮಾಂಸ, ಹಸಿರು ಎಲೆಗಳ ಬಟ್ಟಲು. ಒಂದೊಂದನ್ನು ತೋರಿಸಿ ‘ಈಗ ಇದನ್ನು ತಿನ್ನಬೇಕು ಅನಿಸುತ್ತದೆಯೇ’ ಎಂದು ಕೇಳಬೇಕು. ಕುರ್ತಕೋಟಿಯ ರೈತರೊಬ್ಬರು ಪಿಜ್ಜಾದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ‘ರೊಟ್ಟಿ ಮ್ಯಾಲ ಪಲ್ಯಾ ಚೆಲ್ಲಿ ಫೋಟೋ ಯಾಕ ತಗದಾರ್ರಿ? ಒರಸಿ ತಗೀಬೇಕಿಲ್ಲ?’ ಎಂದರು. ಎಲೆಗಳ ಬಟ್ಟಲು ನೋಡಿ ‘ಇದು ದನಕ್ಕ ಹಾಕೂದೇನ್ರಿ’ ಎಂದರು. ನಾನು ಎರಡಕ್ಕೂ ‘ಇಷ್ಟವಿಲ್ಲ’ ಎಂದು ಬರೆದೆ. ಆ ಮನುಷ್ಯ ಹುಟ್ಟಿದಾರಭ್ಯ ಆ ಎರಡನ್ನೂ ಕಂಡಿರಲಿಲ್ಲ. ಇಷ್ಟವಿಲ್ಲ ಎಂದು ಹೇಗೆ ಬರೆದೆನೋ, ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ಆಮೇಲೆ ನಾನೇ ಮನೆಯಲ್ಲಿ ಅಡುಗೆ ಮಾಡಿ ನಮ್ಮ ಊಟದ ಫೋಟೋ ತೆಗೆಸಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಗಿರ್ಮಿಟ್, ಮಿರ್ಚಿ, ಹೋಳಿಗೆ, ಬಿರಿಯಾನಿ, ಮಾದಲಿ. ಫೋಟೋ ಆದಮೇಲೆ ನಮ್ಮ ಯಜಮಾನರು ಇಲಾಖೆಗೆ ಬಹಳ ಸಹಕಾರ ನೀಡಿದರು, ಒಂದು ತಟ್ಟೆಯೂ ಉಳಿಯಲಿಲ್ಲ. ಕಾರ್ಡು ನಮ್ಮವೇ ಆದವು, ಉತ್ತರ ಮಾತ್ರ ನೆಟ್ಟಗಾಗಲಿಲ್ಲ. ಯಾಕೆಂದರೆ ದಪ್ಪಗಿರುವವರನ್ನು ಇಷ್ಟು ದಿನ ಎಲ್ಲರೂ ಬೈದಿರುತ್ತಾರೆ. ಆಸ್ಪತ್ರೆಯವರು ಕೇಳಿದರೆ ಮಿರ್ಚಿ ಇಷ್ಟ ಎಂದು ಯಾರು ಹೇಳುತ್ತಾರೆ? ಗದಗಿನ ಅಡತಿ ಅಂಗಡಿಯವರೊಬ್ಬರು ಮಿರ್ಚಿಯ ಕಾರ್ಡನ್ನು ಬೆರಳತುದಿಯಿಂದ ಅತ್ತ ಸರಿಸಿ, ‘ನಮಗ ಇದರ ಗಂಧನೂ ಬ್ಯಾಡ್ರಿ’ ಎಂದರು. ಅವರ ಜುಬ್ಬಾದ ಜೇಬಿನ ಮೇಲೆ ಎಣ್ಣೆ ಕಲೆ ಇನ್ನೂ ಹಸಿಯಾಗಿತ್ತು. ನಾನು ಕಲೆಯನ್ನೇ ನೋಡುತ್ತಿದ್ದೆ. ಅವರಿಗೆ ಅದು ತಿಳಿದು ಹೆಗಲ ಮೇಲಿನ ಉಪರಣೆ ಎಳೆದುಕೊಂಡರು. ನಗು ಬಂತು, ನಕ್ಕುಬಿಟ್ಟೆ. ಅವರು ಮುಂದಿನ ತಪಾಸಣೆಗೆ ಬರಲೇ ಇಲ್ಲ.

ಕೇಳಿದರೆ ಸುಳ್ಳು ಬರುತ್ತದೆ, ನಾಲಿಗೆಗೆ ಕೊಟ್ಟು ನೋಡೋಣ ಎಂದು ಡಾಕ್ಟರರು ಸಕ್ಕರೆ ನೀರಿನ ಲೋಟಗಳನ್ನು ತರಿಸಿದರು. ಒಂದರಲ್ಲಿ ಸಪ್ಪೆ, ಮುಂದಿನದರಲ್ಲಿ ಸ್ವಲ್ಪ ಸಿಹಿ, ಅದರ ಮುಂದಿನದರಲ್ಲಿ ಇನ್ನೂ ಸಿಹಿ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ರುಚಿ ಹೇಳಿ ಬಟ್ಟಲಿಗೆ ಉಗುಳಬೇಕು. ಯಾರೂ ಉಗುಳಲಿಲ್ಲ. ಮುಂಡರಗಿಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಚಾಚಿಯೊಬ್ಬರು ಬಟ್ಟಲು ನೋಡಿ ತೋಬಾ ತೋಬಾ ಎಂದು ಕೆನ್ನೆ ಬಡಿದುಕೊಂಡು, ‘ಬಾಯಿಗಿ ಬಂದದ್ದು ಉಗಳಿದ್ರ ಬರಕತ್ ಹೋಗ್ತದರೀ ಮೇಡಂ’ ಎಂದು ಗಟಗಟ ಕುಡಿದರು. ಶಿರಹಟ್ಟಿಯ ಶಾಲಾ ಮಾಸ್ತರರು ‘ಮಠದಾಗ ನೀರನ್ನೂ ಪ್ರಸಾದ ಅಂತ ಕುಡೀತೇವ್ರಿ ಅಕ್ಕಾರ’ ಎಂದು ಅವರೂ ನುಂಗಿದರು. ಲೋಟ ಹೋಯಿತು, ತಟ್ಟೆ ಬಂತು. ನಿಜವಾದ ಊಟವನ್ನೇ ಚಮಚದ ಲೆಕ್ಕದಲ್ಲಿ ಮುಂದಿಟ್ಟು, ಯಾವುದನ್ನು ತೆಗೆದುಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ ನೋಡುವುದು.

ನನ್ನ ಬುದ್ಧಿವಂತಿಕೆ ಹೊರಬಂದದ್ದು ಇಲ್ಲಿ. ತಟ್ಟೆ ಇಟ್ಟರೆ ಜನ ಮುಟ್ಟುತ್ತಿರಲಿಲ್ಲ. ಏನು ಕೊಟ್ಟರೂ ‘ಒಲ್ಲೆರಿ’. ಡಾಕ್ಟರರು ಮೂಲತಃ ದಕ್ಷಿಣದ ಕಡೆಯವರು. ಒಲ್ಲೆ ಎಂದ ಕೂಡಲೇ ‘ಇಷ್ಟವಿಲ್ಲ’ ಎಂದು ಬರೆಸತೊಡಗಿದರು. ನಾನು ತಡೆದೆ.

‘ಸರ್, ನಮ್ಮ ಕಡಿ ಮಂದಿ ಮೊದಲನೇ ಸಲಕ್ಕ ಹೂಂ ಅನ್ನೂದಿಲ್ರಿ. ಹಸದು ಬಂದವರೂ ಒಲ್ಲೆ ಅಂತಾರ. ಮೂರು ಸಲ ಅನ್ನಬೇಕು. ಮೂರನೇ ಸಲಕ್ಕ ಏನಂತಾರ ಅದು ಖರೆ.’

‘ಬೇಡ ಅಂದ್ರೆ ಬೇಡ ಅಂತಲೇ ಬರೀಬೇಕಲ್ವಾ ಮೇಡಂ?’ ಎಂದರು ಅವರು.

‘ಹಂಗಂದ್ರ ನಮ್ಮ ಜಿಲ್ಲಾದಾಗ ಯಾರಿಗೂ ಏನೂ ಇಷ್ಟ ಇಲ್ಲಂತ ಬರೀಬೇಕಾಗ್ತೈತ್ರಿ.’

ಅವರು ನಕ್ಕು ಒಪ್ಪಿದರು. ಅಂದಿನಿಂದ ನಮ್ಮ ವಿಭಾಗದಲ್ಲಿ ಮೂರು ಸಲ ಅನ್ನುವ ಪದ್ಧತಿ ಜಾರಿಗೆ ಬಂತು. ಎರಡನೆಯ ಸಲ ‘ರುಚಿ ನೋಡರಿ’ ಎನ್ನುತ್ತಿದ್ದೆ. ಮೂರನೆಯ ಸಲ ಚಮಚ ತುಂಬಿ ಕೈಯಲ್ಲಿ ಹಿಡಿದು ‘ನನ್ನಾಣಿ, ಒಂದ ಚಮಚ’ ಎನ್ನುತ್ತಿದ್ದೆ. ನಮ್ಮಲ್ಲಿ ಊಟಕ್ಕೆ ಕೂತವರಿಗೆ ಹೀಗೇ ಅಲ್ಲವೇ ಬಡಿಸುವುದು? ಎಲ್ಲರೂ ಬಾಯಿ ತೆರೆದರು. ಆಪರೇಷನ್ ಆದಮೇಲೂ ಈ ಭಾಗದ ಜನರ ಸಿಹಿಯ ಆಸೆ ಕಡಿಮೆಯಾಗುವುದಿಲ್ಲ ಎಂದು ನಮ್ಮ ಪಟ್ಟಿ ತೋರಿಸತೊಡಗಿತು. ಬೇರೆ ಕಡೆ ಕಂಡದ್ದಕ್ಕೆ ಇದು ಉಲ್ಟಾ. ಡಾಕ್ಟರರು ಹಿಗ್ಗಿದರು. ಡಾಕ್ಟರರ ಕೂಟವೊಂದರಲ್ಲಿ ಇದನ್ನು ಹೇಳಿ, ‘ಇದು ನಮ್ಮ ಮೇಡಂ ಕಂಡುಹಿಡಿದ ವಿಧಾನ’ ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಚಪ್ಪಾಳೆ ಬಿತ್ತು. ಆ ದಿನ ನಾನು ಉಟ್ಟಿದ್ದ ಇಳಕಲ್ ಸೀರೆಯನ್ನು ಈಗ ಉಡುವುದಿಲ್ಲ.

ಆ ಪಟ್ಟಿಯಲ್ಲಿ ರತ್ನವ್ವ ಎಂಬವಳ ಹೆಸರಿತ್ತು. ಶಿಗ್ಲಿಯ ಸೊಸೆ, ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಅಂತ ಓಡಾಡುವ ಬಸ್ಸು. ತೂಕ ಏರಿ ಮೊಣಕಾಲು ಹೋಗಿತ್ತು. ತುಂಬಿದ ಬಸ್ಸಿನಲ್ಲಿ ಮುಂದಿನಿಂದ ಹಿಂದಕ್ಕೆ ಸರಿಯಲು ಆಗದೆ, ಜನ ಅನ್ನಬಾರದ್ದು ಅಂದು, ಕೊನೆಗೆ ನೌಕರಿ ಬಿಡುವ ಮಾತು ಬಂದಾಗ ಆಪರೇಷನ್ ಮಾಡಿಸಿಕೊಂಡಳು. ಗಂಡ ತೀರಿಹೋಗಿದ್ದ. ಅತ್ತೆ ಮತ್ತು ಓದುವ ಮಗಳು ಅವಳ ದುಡಿಮೆಯ ಮೇಲೆ ಇದ್ದರು. ‘ಅಕ್ಕಾರ, ನನಗ ಚೆಂದ ಕಾಣೂದು ಬೇಕಾಗಿಲ್ರಿ, ಡ್ಯೂಟಿ ಮ್ಯಾಲ ಇರಬೇಕು ಅಷ್ಟ’ ಎಂದು ಮೊದಲ ದಿನವೇ ಹೇಳಿದ್ದಳು. ಹಿರಿಯರೆಂದರೆ ಅವಳಿಗೆ ಬಲು ಗೌರವ. ನನ್ನ ಮುಂದೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು.

ಆಪರೇಷನ್ ಆದ ಮೇಲೆ ತಪಾಸಣೆಗೆ ಬಂದಾಗ ನಾನೇ ಬೆಲ್ಲ ಹಾಕಿ ಮಾಡಿದ ಗೋಧಿ ಹುಗ್ಗಿಯನ್ನು ಮುಂದಿಟ್ಟೆ. ‘ಒಲ್ಲೆರಿ ಅಕ್ಕಾರ.’ ರುಚಿ ನೋಡವ್ವ ಎಂದೆ. ‘ಒಲ್ಲೆರಿ, ಸಾಕ್ರಿ.’ ಚಮಚ ಹಿಡಿದು ನನ್ನಾಣಿ ಎಂದೆ. ತೆಗೆದುಕೊಂಡಳು. ಇನ್ನೊಂದು ಚಮಚಕ್ಕೂ ಹಾಗೇ ಆಯಿತು. ಆಮೇಲೆ ‘ಹೊರಗ ಹೋಗಿ ಬರ್ತೀನ್ರಿ’ ಎಂದು ಎದ್ದು ಹೋಗಿ ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದಳು. ಪ್ರತಿ ತಪಾಸಣೆಗೂ ಇದೇ. ಬಿಸಿಲಿನಲ್ಲಿ ದುಡಿಯುವವಳು, ಮುಖ ತೊಳೆದುಕೊಂಡಳು ಎಂದುಕೊಂಡೆ. ‘ಸಿಹಿ ತೆಗೆದುಕೊಂಡಿದ್ದಾಳೆ, ತೊಂದರೆಯಿಲ್ಲ’ ಎಂದು ಬರೆದೆ. ಈ ಆಪರೇಷನ್ ಆದವರು ಸಿಹಿ ತಿಂದರೆ ಬೆವರು, ಎದೆಬಡಿತ, ತಲೆಸುತ್ತು ಬರಬಹುದು ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವಳು ನಾನೇ. ಆದರೆ ಎಲ್ಲರಿಗೂ ಬರುವುದಿಲ್ಲ, ರತ್ನವ್ವ ಅದೃಷ್ಟವಂತೆ ಎಂದು ತಿಳಿದಿದ್ದೆ.

ಅವಳು ಡ್ಯೂಟಿಗೆ ಮರಳಿದಳು. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ವಿಭಾಗಕ್ಕೆ ಫೋನು ಬಂತು. ಅವಳ ಡಿಪೋದ ಮ್ಯಾನೇಜರು. ‘ಮೇಡಂ, ನಮ್ಮ ಕಂಡಕ್ಟರ್ ರತ್ನವ್ವ ನಿಮ್ಮ ಕಡಿ ತೋರಸ್ತಾಳಲ್ರಿ. ಆಕಿ ಒಂದೆರಡು ಲಾಡು ತಿಂದ್ರ ತೂರಾಡೂ ಹಂಗ ಆಗ್ತೈತೇನ್ರಿ?’

ಯಾಕೆ ಕೇಳುತ್ತೀರಿ ಎಂದು ನಾನು ಕೇಳಬೇಕಿತ್ತು. ರೋಗಿಯ ವಿಷಯ ಫೋನಿನಲ್ಲಿ ಹೇಳುವುದಿಲ್ಲ ಎನ್ನಬೇಕಿತ್ತು. ತಂಗಿಯರಾ, ಇದೊಂದನ್ನು ನೆನಪಿಡಿ. ನಾನು ಏನಂದೆ ಗೊತ್ತೇ? ‘ಛೇ ಛೇ, ಆಕಿಗೆ ಸಿಹಿ ಚಲೋ ಹಿಡಸೇತ್ರಿ. ನನ್ನ ಕಣ್ಣಮುಂದ ತಿಂದಾಳ, ಏನೂ ಆಗಿಲ್ಲ’ ಎಂದೆ, ಅದೂ ಹೆಮ್ಮೆಯಿಂದ. ಅವರು ಧನ್ಯವಾದ ಹೇಳಿ ಇಟ್ಟರು.

ಮರುದಿನ ನಮ್ಮ ನರ್ಸ್ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಬಸ್ಸಿನ ಮೆಟ್ಟಿಲ ಮೇಲೆ ರತ್ನವ್ವ ಕೂತಿದ್ದಾಳೆ. ಮುಖದ ತುಂಬ ಬೆವರು, ತಲೆ ವಾಲುತ್ತಿದೆ, ಮಾತು ತೊದಲುತ್ತಿದೆ. ಹಿಂದಿನಿಂದ ಯಾರೋ ಗಂಡಸು ‘ಕುಡದಾಳಲೇ, ಕಂಡಕ್ಟರ್ ಕುಡದಾಳ’ ಎಂದು ನಗುತ್ತಿದ್ದಾನೆ. ಊರೂರಿಗೆ ಅದು ಹರಡಿತ್ತು. ಮ್ಯಾನೇಜರು ಯಾಕೆ ಫೋನು ಮಾಡಿದ್ದರು ಎಂಬುದು ಆಗ ತಿಳಿಯಿತು.

ಅವತ್ತೇ ಶಿಗ್ಲಿಗೆ ಹೋದೆ. ರತ್ನವ್ವನ ಅತ್ತೆ ಒಳಗೆ ಕರೆದು ಚಾಪೆ ಹಾಸಿ ಚಹಾ ತಂದರು. ಒಲ್ಲೆ ಎಂದೆ. ‘ಒಂದ ಗುಟುಕು’ ಎಂದರು. ಬೇಡವೇ ಬೇಡ ಎಂದೆ. ‘ಬಡವರ ಮನಿ ಚಹಾ ಅಂತ ಒಲ್ಲೆ ಅಂತೀರೇನ್ರಿ’ ಎಂದರು. ತೆಗೆದುಕೊಂಡು ಕುಡಿದೆ. ರತ್ನವ್ವ ಗೋಡೆಗೆ ಒರಗಿ ನೋಡುತ್ತಿದ್ದಳು.

ಬಸ್ಸಿನಲ್ಲಿ ಏನಾಯಿತೆಂದು ಹೇಳಿದಳು. ದಿನಾ ಬರುವ ಮುದುಕಿಯೊಬ್ಬಳು ಮೊಮ್ಮಗ ಹುಟ್ಟಿದನೆಂದು ಲಾಡು ಹಂಚಿದಳು. ಒಲ್ಲೆ ಎಂದರೂ ಬಿಡದೆ ತಾನೇ ಬಾಯಿಗಿಟ್ಟಳು, ಒಂದಲ್ಲ ಎರಡು. ಮುಳಗುಂದ ದಾಟುವಷ್ಟರಲ್ಲಿ ಕಣ್ಣು ಕತ್ತಲಾಯಿತು. ಡ್ರೈವರ್ ಬಸ್ಸು ನಿಲ್ಲಿಸಿ ನೀರು ಕೊಟ್ಟ. ಕುಡಿದಿದ್ದಾಳೋ ಇಲ್ಲವೋ ಎಂದು ಯಾರಾದರೂ ಪರೀಕ್ಷೆ ಮಾಡುವಷ್ಟರಲ್ಲಿ ಸಂಜೆಯಾಗಿತ್ತು. ಏನೂ ಸಿಗಲಿಲ್ಲ, ಆದರೆ ಅಷ್ಟು ಹೊತ್ತಿಗೆ ಅಮಲು ಇಳಿದುಹೋಗಿರುತ್ತದೆ ಎಂದು ಜನ ಆಡಿಕೊಂಡರು. ಸಿಹಿಯಿಂದ ಹೀಗಾಯಿತು ಎಂದು ಅವಳು ಹೇಳಿದಾಗ ಮ್ಯಾನೇಜರು ಆಸ್ಪತ್ರೆಗೇ ಕೇಳುತ್ತೇನೆ ಎಂದರು. ಕೇಳಿದರು. ನಾಳೆ ಬೆಳಿಗ್ಗೆ ವಿಚಾರಣೆ, ಆಮೇಲೆ ಅಮಾನತು.

‘ನನ್ನ ಮುಂದ ತಿಂದಾಗ ಏನೂ ಆಗಿರಲಿಲ್ಲಲ್ಲ ರತ್ನವ್ವ?’ ಎಂದೆ.

‘ಪ್ರತಿ ಸಲ ಆಗೇತ್ರಿ ಅಕ್ಕಾರ. ಬಚ್ಚಲಕ್ಕ ಹೋಗಿ ಕಾರ್ಕೊಂಡು, ಅಲ್ಲೇ ಗ್ವಾಡಿ ಹಿಡದು ಕುಂತು, ಸುಧಾರ್ಸಿಕೊಂಡು ಬರ್ತಿದ್ದೆ.’

‘ನನಗ ಯಾಕ ಹೇಳ್ಲಿಲ್ಲವ್ವ?’

‘ಹೇಳಿದ್ನೆಲ್ರಿ, ಒಲ್ಲೆ ಅಂತ.’ ನನ್ನ ಚಹಾದ ಲೋಟ ಎತ್ತಿಕೊಳ್ಳುತ್ತ, ‘ನೀವು ಹಿರ್ಯಾರು. ಚಮಚ ಹಿಡಕೊಂಡು ನಿಂತು ನನ್ನಾಣಿ ಅಂದ್ರಿ. ಆಣಿ ಹಾಕಿದ ಮ್ಯಾಲ ಒಲ್ಲೆ ಅಂದು ನಿಮಗ ಕೇಡು ಬಯಸಲೇನ್ರಿ? ಮತ್ತ ನೀವ ಕೈಮುಟ್ಟಿ ಮಾಡಿದ ಹುಗ್ಗಿ, ಕಾರ್ಕೊಂಡೆ ಅಂತ ಹೆಂಗ ಹೇಳ್ಲಿ?’ ಎಂದಳು.

ಅವಳೊಬ್ಬಳೇ ಹೀಗೆ ಎದ್ದು ಹೋಗಿದ್ದಳೇ? ನೆನಪು ಮಾಡಿಕೊಂಡರೆ, ತಟ್ಟೆ ಮುಗಿಸಿ ಹೊರಗೆ ಹೋಗಿ ಬರುತ್ತೇನೆ ಎಂದವರು ಬಹಳ ಮಂದಿ ಇದ್ದರು. ಜನರ ಆಸೆಯೆಂದು ನಾನು ಬರೆದದ್ದು ನನ್ನ ಒತ್ತಾಯವನ್ನು. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಅವರು ಪರ ಊರಲ್ಲಿದ್ದರು. ಎಲ್ಲ ಕೇಳಿಸಿಕೊಂಡರು. ‘ಬೇಡ ಅಂದ್ರೆ ಬೇಡ ಅಂತಲೇ ಅಲ್ವಾ ಅಂತ ನಾನು ಆಗಲೇ ಕೇಳಿದ್ದೆ ಅಲ್ವಾ ಮೇಡಂ’ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಬಂದು ಪತ್ರ ಬರೆದುಕೊಡುತ್ತೇನೆ, ನಾಡಿದ್ದಿನವರೆಗೆ ತಡೆಯಿರಿ ಎಂದರು. ವಿಚಾರಣೆ ತಡೆಯುವಂತಿರಲಿಲ್ಲ.

ಬೆಳಿಗ್ಗೆ ರತ್ನವ್ವನ ಜತೆ ನಾನೂ ಡಿಪೋಕ್ಕೆ ಹೋದೆ. ಮ್ಯಾನೇಜರು ಕೆಟ್ಟವರಲ್ಲ. ಕೂರಿಸಿ ಚಹಾ ಹೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಮಾತು ತಪ್ಪು, ಇವಳು ಹೇಳಿದ್ದು ಖರೆ, ಸಿಹಿಯಿಂದಲೇ ಹೀಗಾದದ್ದು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಮೊನ್ನೆ ಏನೂ ಆಗೂದಿಲ್ಲ ಅಂದ್ರಿ. ಇವತ್ತ ಆಗ್ತೈತಿ ಅಂತೀರಿ. ನಾ ಯಾವ ಮಾತ ನಂಬ್ಲಿ ಮೇಡಂ? ಆಕಿ ಅತ್ತು ಕರದಾಳ, ನಿಮಗ ಕರುಣಾ ಬಂದೈತಿ ಅಂತ ಮಂದಿ ಅನ್ನೂದಿಲ್ಲೇನ್ರಿ? ಮ್ಯಾಲಿನವ್ರಿಗೆ ನಾ ಏನ ಹೇಳ್ಲಿ?’

ಡಾಕ್ಟರರ ಪತ್ರ ಬರುತ್ತದೆ ಎಂದೆ. ‘ಅವರೂ ನಿಮ್ಮನ್ನ ಕೇಳೇ ಬರೀಬೇಕಲ್ರಿ’ ಎಂದರು. ಅದೂ ನಿಜವೇ.

ಅಷ್ಟರಲ್ಲಿ ಚಹಾ ಬಂತು. ರತ್ನವ್ವ ತನ್ನ ಲೋಟವನ್ನು ಹತ್ತಿರ ಎಳೆದುಕೊಂಡು, ಚಹಾ ತಂದವನಿಗೆ ‘ಅಣ್ಣಾ, ಸಕ್ರಿ ಡಬ್ಬಿ ತಗೊಂಬಾ’ ಎಂದಳು. ಅವನು ತಂದ. ಚಮಚದ ಮೇಲೆ ಚಮಚ ಸುರಿದಳು. ಅವಳು ಏನು ಮಾಡುತ್ತಿದ್ದಾಳೆಂದು ನನಗೆ ತಡವಾಗಿ ಹೊಳೆಯಿತು. ‘ಬ್ಯಾಡ ರತ್ನವ್ವ’ ಎಂದು ಕೈ ಹಿಡಿದೆ. ‘ಸುಮ್ನ ಕುಂಡ್ರಿ ಅಕ್ಕಾರ’ ಎಂದು ನನ್ನ ಕೈ ಬಿಡಿಸಿದಳು. ಮ್ಯಾನೇಜರ ಕಡೆ ತಿರುಗಿ, ‘ನೀವ ನೋಡ್ರಿ ಸಾಹೇಬ್ರ’ ಎಂದು ಅಷ್ಟನ್ನೂ ಕುಡಿದಳು. ತಳದ ಸಕ್ಕರೆಯನ್ನು ಬೆರಳಿಂದ ಬಳಿದು ತಿಂದಳು.

ಮೂವರೂ ಕಾಯುತ್ತ ಕೂತೆವು. ಹೊರಗೆ ಬಸ್ಸು ತೊಳೆಯುವ ಸದ್ದು ಬರುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ. ಮೊದಲು ತುಟಿಯ ಮೇಲೆ ಬೆವರು ಮೂಡಿತು. ಆಮೇಲೆ ಹಣೆ, ಕುತ್ತಿಗೆ, ಬೆನ್ನು. ಖಾಕಿ ಅಂಗಿ ಮೈಗಂಟಿತು. ಮುಖ ಬೂದಿಯಾಯಿತು. ಮೇಜು ಹಿಡಿದುಕೊಂಡ ಕೈ ನಡುಗಿ ಲೋಟ ಉರುಳಿತು. ಏನೋ ಹೇಳಲು ಹೋದಳು, ನಾಲಿಗೆ ತಿರುಗಲಿಲ್ಲ. ಬಾಗಿಲಲ್ಲಿ ಡ್ರೈವರು ಕಂಡಕ್ಟರು ಗುಂಪಾಗಿದ್ದರು. ಅಂದು ಬಸ್ಸು ಓಡಿಸಿದ್ದ ಡ್ರೈವರ್ ಅವರ ನಡುವೆ ಇದ್ದ. ‘ಹಿಂಗ ಆಗಿತ್ರಿ ಸಾಹೇಬ್ರ, ಅಂದೂ ಥೇಟ್ ಹಿಂಗ’ ಎಂದು ಕೂಗಿದ. ಮ್ಯಾನೇಜರು ಎದ್ದು ನಿಂತು ನೀರು ನೀರು ಎನ್ನುತ್ತಿದ್ದರು.

ಅದು ಅಲ್ಲಿಗೇ ನಿಲ್ಲಲಿಲ್ಲ. ಈ ತೊಂದರೆ ಬಂದವರಿಗೆ ಹೊಟ್ಟೆ ಹಿಂಡಿ ಭೇದಿಯೂ ಆಗುತ್ತದೆ. ರತ್ನವ್ವ ನನ್ನ ಸೆರಗು ಎಳೆದಳು. ನಾನು ಅವಳನ್ನು ಹಿಡಿದುಕೊಂಡು, ಅಷ್ಟೂ ಗಂಡಸರ ನಡುವೆ ಹಾದು, ಡಿಪೋದ ಅಂಗಳ ದಾಟಿ ಶೌಚಾಲಯಕ್ಕೆ ನಡೆಸಿಕೊಂಡು ಹೋದೆ. ಅರ್ಧ ದಾರಿಯಲ್ಲೇ ಅವಳ ಬಟ್ಟೆ ಕೆಟ್ಟಿತು. ಗಂಡಸರು ಆ ಕಡೆ ಮುಖ ತಿರುಗಿಸಿದರು. ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಅವರ ಮೇಲೆ ಸಿಟ್ಟಾಗಿ ನಾನು ಬದುಕಿಕೊಳ್ಳುತ್ತಿದ್ದೆ.

ತೊಳೆದು, ನನ್ನ ಚೀಲದಲ್ಲಿದ್ದ ಟವೆಲ್ಲು ಸುತ್ತಿ, ಮಹಿಳಾ ಸಿಬ್ಬಂದಿಯ ಕೋಣೆಯಲ್ಲಿ ಬೆಂಚಿನ ಮೇಲೆ ಮಲಗಿಸಿದೆ. ಮ್ಯಾನೇಜರು ಬಾಗಿಲ ಹೊರಗೇ ನಿಂತು, ‘ಸಾಕು ತಂಗಿ. ಸೋಮವಾರ ಡ್ಯೂಟಿಗೆ ಬಾ. ಮ್ಯಾಲಿನವ್ರಿಗೆ ನಾ ಬರದ ಕಳಸ್ತೇನಿ’ ಎಂದು ಹೋದರು. ಅವಳ ನೌಕರಿ ಉಳಿಯಿತು. ಆಸ್ಪತ್ರೆಯಲ್ಲಿ ನಮ್ಮ ಪಟ್ಟಿಯನ್ನು ಪೂರ್ತಿ ಕೈಬಿಟ್ಟರು. ಈಗ ನೀವು ತಟ್ಟೆ ಮುಚ್ಚಿಟ್ಟು, ಬೇಕಾದ್ದು ತಿಂದು ಒಲ್ಲದ್ದು ಬಿಡಲೆಂದು ರೋಗಿಯನ್ನು ಒಬ್ಬರನ್ನೇ ಬಿಟ್ಟು ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೀರಲ್ಲ, ಆ ಪದ್ಧತಿ ಬಂದದ್ದು ಆಮೇಲೆ.

ಅಂದು ಆ ಕೋಣೆಯಲ್ಲಿ ನಾನು ಬೆಂಚಿನ ಪಕ್ಕ ನೆಲದ ಮೇಲೆ ಕೂತು ಅವಳ ನಾಡಿ ಹಿಡಿದುಕೊಂಡಿದ್ದೆ. ಬಹಳ ಹೊತ್ತಿನ ಮೇಲೆ ರತ್ನವ್ವ ಕಣ್ಣು ತೆರೆದಳು. ತಪ್ಪಾಯಿತವ್ವ ಎನ್ನಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

‘ಅಕ್ಕಾರ, ಸಾಹೇಬ್ರ ಮುಂದ ನಿಮ್ಮ ಮಾತ ಸುಳ್ಳ ಮಾಡಿದಂಗ ಆತ್ರಿ. ಮನಸಿಗೆ ಹಚ್ಕೋಬ್ಯಾಡ್ರಿ.’

ಅವಳ ನಾಡಿ ನನ್ನ ಬೆರಳಡಿಯಲ್ಲಿ ಇನ್ನೂ ಓಡುತ್ತಲೇ ಇತ್ತು.